ಡೆಂಗಿ ಪರೀಕ್ಷೆಗಳ ತಾಳೆ: ಎನ್‌ಎಸ್1, ಐಜಿಎಂ, ಪಿಸಿಆರ್ ಪೈಕಿ ಯಾವುದು, ಯಾವ ದಿನ?

ಒಬ್ಬರೇ ರೋಗಿಯ ಎರಡು ವರದಿ ಹಿಡಿದು ಲ್ಯಾಬಿನ ಕಿಟಕಿಯ ಮುಂದೆ ನಿಲ್ಲುವವರನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲನೆಯದು ಜ್ವರದ ಎರಡನೇ ದಿನದ್ದು: ಎನ್‌ಎಸ್1 ಪಾಸಿಟಿವ್, ಐಜಿಎಂ ನೆಗೆಟಿವ್. ಎರಡನೆಯದು ಒಂಬತ್ತನೇ ದಿನದ್ದು, ಇನ್ನೊಂದು ಲ್ಯಾಬಿನದು: ಎನ್‌ಎಸ್1 ನೆಗೆಟಿವ್, ಐಜಿಎಂ ಪಾಸಿಟಿವ್. "ಮೇಡಂ, ಇದರಲ್ಲಿ ಯಾವ ಲ್ಯಾಬಿನದು ಸುಳ್ಳು?" ಎಂದು ಕೇಳುತ್ತಾರೆ. ಮನೆಯಲ್ಲಿ ಜ್ವರದಿಂದ ಮಲಗಿದವರಿದ್ದಾಗ ಆ ಪ್ರಶ್ನೆಯ ಹಿಂದೆ ಎಷ್ಟು ಆತಂಕ ಇರುತ್ತದೆ ಎಂದು ನನಗೆ ಗೊತ್ತು. ಉತ್ತರ ಮಾತ್ರ ಅವರು ಎಣಿಸಿದ್ದಲ್ಲ. ಎರಡೂ ನಿಜ. ಒಂದೊಂದು ವರದಿಯೂ ಆಯಾ ದಿನದ ರಕ್ತದಲ್ಲಿ ಇದ್ದದ್ದನ್ನೇ ಹೇಳಿದೆ.

ಇದೇ ಗೊಂದಲ ಇನ್ನೊಂದು ರೂಪದಲ್ಲಿ ನಮ್ಮ ಮೇಜಿಗೂ ಬರುತ್ತದೆ. ಹೊಸ ಕಿಟ್ ತರಬೇಕೆಂದಾಗ ಕಂಪನಿಯವರು "ಹಳೆಯ ಪರೀಕ್ಷೆಯ ಜೊತೆ ಇಷ್ಟು ಶೇಕಡಾ ತಾಳೆಯಾಗುತ್ತದೆ" ಎಂಬ ಕಾಗದ ಮುಂದಿಡುತ್ತಾರೆ. ಯಾವ ಪರೀಕ್ಷೆಯ ಜೊತೆ, ಜ್ವರದ ಯಾವ ದಿನ ತೆಗೆದ ಸ್ಯಾಂಪಲ್, ಎಂಥ ರೋಗಿಗಳು ಎಂಬುದನ್ನು ಕೇಳದೆ ಆ ಅಂಕಿಯನ್ನು ಒಪ್ಪಿಕೊಂಡರೆ ಮುಂದೆ ಪಜೀತಿ ತಪ್ಪಿದ್ದಲ್ಲ. ಪರೀಕ್ಷೆ ಮಾಡಿಸಿಕೊಳ್ಳುವವರು, ಬರೆದುಕೊಡುವ ವೈದ್ಯರು, ಕಿಟ್ ಆರಿಸುವ ಲ್ಯಾಬಿನವರು ಮೂವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಜ್ವರದ ಕ್ಯಾಲೆಂಡರ್

ಸೋಂಕಿರುವ ಸೊಳ್ಳೆ ಕಚ್ಚಿದ ಮೇಲೆ ಸಾಮಾನ್ಯವಾಗಿ 4ರಿಂದ 10 ದಿನದೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ. ನಮ್ಮ ಎಣಿಕೆ ಶುರುವಾಗುವುದು ಜ್ವರ ಬಂದ ದಿನದಿಂದ. ಮೊದಲ ನಾಲ್ಕೈದು ದಿನ ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎ (ಅದರ ವಂಶವಾಹಿ ವಸ್ತು) ಧಾರಾಳವಾಗಿ ಸಿಗುತ್ತದೆ. ಏಳನೇ ದಿನ ದಾಟಿದರೆ ಬಹುತೇಕರಲ್ಲಿ ಅದು ಕೈಗೆ ಸಿಗುವುದಿಲ್ಲ. ಆರ್‌ಟಿ-ಪಿಸಿಆರ್ ಹುಡುಕುವುದು ಇದನ್ನೇ.

ಎನ್‌ಎಸ್1 ಎಂಬುದು ವೈರಸ್ ಹೊಕ್ಕ ಜೀವಕೋಶಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನು. ಇದೂ ಮೊದಲ ದಿನದಿಂದಲೇ ಸಿಗುತ್ತದೆ, ಕೆಲವರಲ್ಲಿ ಒಂಬತ್ತನೇ ದಿನದವರೆಗೂ ಉಳಿಯುತ್ತದೆ. ಆದರೆ ಹಿಂದೆ ಒಮ್ಮೆ ಡೆಂಗಿ ಬಂದು ಹೋಗಿದ್ದವರಲ್ಲಿ ಲೆಕ್ಕ ಬದಲಾಗುತ್ತದೆ. ಅವರ ರಕ್ತದಲ್ಲಿ ಹಳೆಯ ಐಜಿಜಿ ಪ್ರತಿಕಾಯಗಳು (ರೋಗಾಣುವನ್ನು ತಡೆಯಲು ಮೈ ತಯಾರಿಸುವ ಪ್ರೋಟೀನುಗಳು) ಕಾದು ಕುಳಿತಿರುತ್ತವೆ. ಅವು ಎನ್‌ಎಸ್1 ಅನ್ನು ಹಿಡಿದು ಸುತ್ತಿಕೊಂಡುಬಿಟ್ಟರೆ ಕಿಟ್‌ನಲ್ಲಿರುವ ಪ್ರತಿಕಾಯಕ್ಕೆ ಅಂಟಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಹೀಗಾಗಿ ಎರಡನೇ ಸಲದ ಡೆಂಗಿಯಲ್ಲಿ ಎನ್‌ಎಸ್1 ಬೇಗ ಮಾಯವಾಗುತ್ತದೆ, ಪರೀಕ್ಷೆ ತಪ್ಪಾಗಿ ನೆಗೆಟಿವ್ ಬರುವ ಸಾಧ್ಯತೆ ಹೆಚ್ಚುತ್ತದೆ. ಎರಡನೇ ಸಲದ ಸೋಂಕಿನಲ್ಲೇ ರೋಗ ಉಲ್ಬಣಿಸುವ ಅಪಾಯ ಜಾಸ್ತಿ. ಪತ್ತೆ ಅತ್ಯಗತ್ಯವಾದವರಲ್ಲೇ ಪರೀಕ್ಷೆ ಕೈಕೊಡಬಹುದು ಎಂಬುದನ್ನು ನೆನೆದಾಗಲೆಲ್ಲ ನನಗೆ ಕಳವಳವಾಗುತ್ತದೆ.

ಐಜಿಎಂ ನಮ್ಮದೇ ಮೈ ತಯಾರಿಸುವ ಪ್ರತಿಕಾಯ. ಅದಕ್ಕೆ ಸಮಯ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಲ್ಲಿ ಕೊಟ್ಟಿರುವ ಲೆಕ್ಕದಂತೆ, ಮೂರರಿಂದ ಐದನೇ ದಿನದ ಹೊತ್ತಿಗೆ ಅರ್ಧದಷ್ಟು ರೋಗಿಗಳಲ್ಲಿ, ಐದನೇ ದಿನಕ್ಕೆ ಶೇ 80ರಷ್ಟು, ಹತ್ತನೇ ದಿನಕ್ಕೆ ಶೇ 99ರಷ್ಟು ರೋಗಿಗಳಲ್ಲಿ ಐಜಿಎಂ ಕಾಣಿಸುತ್ತದೆ. ಎರಡು ವಾರದ ಸುಮಾರಿಗೆ ತುದಿ ಮುಟ್ಟಿ, ಎರಡು ಮೂರು ತಿಂಗಳಲ್ಲಿ ಇಳಿದುಹೋಗುತ್ತದೆ. ಐಜಿಜಿ ಮೊದಲ ಸಲದ ಸೋಂಕಿನಲ್ಲಿ ಒಂದು ವಾರ ಕಳೆದ ಮೇಲೆ ನಿಧಾನಕ್ಕೆ ಏರುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಎರಡನೇ ಸಲವಾದರೆ ಜ್ವರವಿರುವಾಗಲೇ ಒಮ್ಮೆಲೇ ನೆಗೆಯುತ್ತದೆ.

ಈಗ ಕಿಟಕಿಯ ಮುಂದಿನ ಆ ಎರಡು ವರದಿಗಳನ್ನು ಈ ಕ್ಯಾಲೆಂಡರಿನ ಮೇಲಿಟ್ಟು ನೋಡಿ. ಎರಡನೇ ದಿನ ವೈರಸ್ಸಿನ ಪ್ರೋಟೀನು ಇತ್ತು, ಪ್ರತಿಕಾಯ ಇನ್ನೂ ಹುಟ್ಟಿರಲಿಲ್ಲ. ಒಂಬತ್ತನೇ ದಿನ ಪ್ರೋಟೀನು ಹೋಗಿತ್ತು, ಪ್ರತಿಕಾಯ ಬಂದಿತ್ತು. ಜಗಳವೇ ಇಲ್ಲ.

ತಾಳೆಯಾಗಲೇಬೇಕಾದ ಜೋಡಿ, ಆಗಬೇಕಿಲ್ಲದ ಜೋಡಿ

ಎರಡು ಪರೀಕ್ಷೆಗಳನ್ನು ಹೋಲಿಸುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಇವೆರಡೂ ಹುಡುಕುತ್ತಿರುವುದು ಒಂದನ್ನೇ?

ಒಂದನ್ನೇ ಹುಡುಕುತ್ತಿದ್ದರೆ ತಾಳೆಯಾಗಲೇಬೇಕು. ಎನ್‌ಎಸ್1 ಕಾರ್ಡ್ (ಕೆಲವು ನಿಮಿಷಗಳಲ್ಲಿ ಗೆರೆ ಮೂಡಿಸಿ ಉತ್ತರ ಕೊಡುವ ಪುಟ್ಟ ಪಟ್ಟಿ) ಮತ್ತು ಎನ್‌ಎಸ್1 ಎಲೈಸಾ (ಬಣ್ಣದ ಬದಲಾವಣೆಯನ್ನು ಯಂತ್ರದಿಂದ ಅಳೆಯುವ ಲ್ಯಾಬ್ ಪರೀಕ್ಷೆ), ಒಂದು ಕಂಪನಿಯ ಐಜಿಎಂ ಎಲೈಸಾ ಮತ್ತು ಇನ್ನೊಂದರ ಐಜಿಎಂ ಎಲೈಸಾ, ಎರಡು ಬಗೆಯ ಪಿಸಿಆರ್, ಇವೆಲ್ಲ ಒಂದೇ ಟ್ಯೂಬಿನ ರಕ್ತದ ಮೇಲೆ ಬೇರೆ ಬೇರೆ ಉತ್ತರ ಕೊಟ್ಟರೆ ಅವುಗಳಲ್ಲಿ ಒಂದು ತಪ್ಪಿದೆ. ಯಾವುದು, ಏಕೆ ಎಂದು ಹುಡುಕುವುದು ಲ್ಯಾಬಿನ ಹೊಣೆ.

ಹುಡುಕುವ ವಸ್ತುವೇ ಬೇರೆಯಾದಾಗ ತಾಳೆ ಕಡಿಮೆ ಬಂತೆಂದು ಯಾವುದನ್ನೂ ದೂರಬಾರದು. ಎನ್‌ಎಸ್1 ಮತ್ತು ಐಜಿಎಂ ನಡುವೆ ಅಥವಾ ಪಿಸಿಆರ್ ಮತ್ತು ಐಜಿಎಂ ನಡುವೆ ಹೊಂದಾಣಿಕೆ ಕಳಪೆ ಎಂದು ಯಾರಾದರೂ ತೋರಿಸಿದರೆ ಅದು ಆ ಪರೀಕ್ಷೆಗಳ ದೋಷವಲ್ಲ, ಕಾಯಿಲೆಯ ನಡೆಯೇ ಹಾಗಿದೆ. ಒಂದು ಕಣ್ಣುಮುಚ್ಚುವ ಹೊತ್ತಿಗೆ ಇನ್ನೊಂದು ಕಣ್ಣುತೆರೆಯುತ್ತದೆ. ಆದ್ದರಿಂದಲೇ ಇವೆರಡನ್ನು ಜೊತೆಗೆ ಮಾಡುವುದರಲ್ಲಿ ಲಾಭವಿದೆ. ಸದಾ ಒಂದೇ ಉತ್ತರ ಕೊಡುವ ಎರಡು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ ರೋಗಿಗೆ ಸಿಗುವ ಹೊಸ ಮಾಹಿತಿ ಸೊನ್ನೆ.

ಒಟ್ಟಿಗೆ ಮಾಡುವಾಗ ಒಂದು ಎಚ್ಚರ. ಎರಡರಲ್ಲಿ ಯಾವುದಾದರೊಂದು ಪಾಸಿಟಿವ್ ಬಂದರೂ ಡೆಂಗಿ ಎಂದು ಎಣಿಸಿದಾಗ ಕೈತಪ್ಪಿ ಹೋಗುವ ರೋಗಿಗಳು ಕಡಿಮೆಯಾಗುತ್ತಾರೆ, ನಿಜ. ಜೊತೆಗೆ ಎರಡು ಪರೀಕ್ಷೆಗಳ ಸುಳ್ಳು ಪಾಸಿಟಿವ್‌ಗಳೂ ಒಟ್ಟುಗೂಡುತ್ತವೆ.

"ಶೇ 85 ತಾಳೆ" ಎಂದರೆ ನಿಜಕ್ಕೂ ಎಷ್ಟು?

ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಲೆಕ್ಕಕ್ಕಾಗಿ 100 ಸ್ಯಾಂಪಲ್ ಇವೆ ಎಂದುಕೊಳ್ಳಿ. ಅವುಗಳ ಮೇಲೆ ಅ, ಬ ಎಂಬ ಎರಡು ಪರೀಕ್ಷೆ ಮಾಡಿದೆವು. 40ರಲ್ಲಿ ಎರಡೂ ಪಾಸಿಟಿವ್, 45ರಲ್ಲಿ ಎರಡೂ ನೆಗೆಟಿವ್. 10ರಲ್ಲಿ ಅ ಮಾತ್ರ ಪಾಸಿಟಿವ್, 5ರಲ್ಲಿ ಬ ಮಾತ್ರ ಪಾಸಿಟಿವ್. 40 ಮತ್ತು 45 ಕೂಡಿಸಿದರೆ ತಾಳೆ ಶೇ 85.

ಆದರೆ ಕಣ್ಣುಮುಚ್ಚಿಕೊಂಡು ಪಾಸಿಟಿವ್, ನೆಗೆಟಿವ್ ಎಂದು ಬರೆದರೂ ಕೆಲವು ಉತ್ತರ ತಾನಾಗಿ ಕೂಡಿಬರುತ್ತವಲ್ಲ? ಆ ಆಕಸ್ಮಿಕ ಪಾಲನ್ನು ಕಳೆದು ಉಳಿದದ್ದನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ 1960ರಲ್ಲಿ ಕಪ್ಪಾ ಎಂಬ ಅಳತೆಯನ್ನು ಕೊಟ್ಟರು. ಮೇಲಿನ ಲೆಕ್ಕದಲ್ಲಿ ಅ ಒಟ್ಟು 50 ಪಾಸಿಟಿವ್ ಕೊಟ್ಟಿದೆ, ಬ 45. ಬರೀ ಆಕಸ್ಮಿಕದಿಂದಲೇ ಶೇ 50 ತಾಳೆಯಾಗಬೇಕಿತ್ತು. ಆದದ್ದು 85. ಆಕಸ್ಮಿಕದ ಮೇಲೆ ಗಳಿಸಿದ್ದು 35, ಗಳಿಸಲು ಸಾಧ್ಯವಿದ್ದದ್ದು 50. ಭಾಗಿಸಿದರೆ ಕಪ್ಪಾ 0.70.

ಈಗ ಇನ್ನೊಂದು 100 ಸ್ಯಾಂಪಲ್, ಡೆಂಗಿ ಅಷ್ಟಾಗಿ ಇಲ್ಲದ ಹೊತ್ತಿನವು. 2ರಲ್ಲಿ ಎರಡೂ ಪಾಸಿಟಿವ್, 83ರಲ್ಲಿ ಎರಡೂ ನೆಗೆಟಿವ್. ಹೊಂದದವು ಮೊದಲಿನಂತೆಯೇ 10 ಮತ್ತು 5. ಈಗಲೂ ತಾಳೆ ಶೇ 85! ಆದರೆ ಇಲ್ಲಿ ಆಕಸ್ಮಿಕವಾಗಿಯೇ ಸುಮಾರು ಶೇ 82.7 ಕೂಡಿಬರುತ್ತದೆ, ಕಪ್ಪಾ 0.13ಕ್ಕೆ ಕುಸಿಯುತ್ತದೆ. ಬ ಹಿಡಿದ 7 ಪಾಸಿಟಿವ್‌ಗಳಲ್ಲಿ ಅ ಒಪ್ಪಿದ್ದು ಎರಡನ್ನು ಮಾತ್ರ. ಕಾಗದದ ಮೇಲೆ ಎರಡೂ ಕಡೆ ಶೇ 85 ಎಂದೇ ಅಚ್ಚಾಗಿರುತ್ತದೆ.

ಕಪ್ಪಾ ಅಂಕಿಯನ್ನು ಓದಲು ಸಂಖ್ಯಾಶಾಸ್ತ್ರಜ್ಞರಾದ ಲ್ಯಾಂಡಿಸ್ ಮತ್ತು ಕೋಚ್ 1977ರಲ್ಲಿ ಹಾಕಿಕೊಟ್ಟ ಏಣಿಯನ್ನು ಎಲ್ಲರೂ ಬಳಸುತ್ತಾರೆ: 0.41ರಿಂದ 0.60 ಸಾಧಾರಣ, 0.61ರಿಂದ 0.80 ಗಣನೀಯ, 0.81ರ ಮೇಲೆ ಹೆಚ್ಚುಕಡಿಮೆ ಪೂರ್ಣ ಹೊಂದಾಣಿಕೆ. ಈ ಗೆರೆಗಳನ್ನು ತಾವೇ ಅಂದಾಜಿನಿಂದ ಎಳೆದದ್ದು ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. ಇನ್ನು ಕಪ್ಪಾ ಕೂಡ ಪಾಸಿಟಿವ್‌ಗಳ ಪ್ರಮಾಣಕ್ಕೆ ತಕ್ಕಂತೆ ಏರಿಳಿಯುತ್ತದೆ, ಅದೊಂದನ್ನೇ ನಂಬಿ ಕೂರುವಂತಿಲ್ಲ.

ಹಾಗಾಗಿ ನಾನು ಕೇಳುವುದು ನಾಲ್ಕು ಅಂಕಿಗಳನ್ನು: ಎರಡೂ ಪಾಸಿಟಿವ್ ಎಷ್ಟು, ಎರಡೂ ನೆಗೆಟಿವ್ ಎಷ್ಟು, ಒಂದೊಂದು ಮಾತ್ರ ಪಾಸಿಟಿವ್ ಎಷ್ಟೆಷ್ಟು. ಈ ನಾಲ್ಕು ಸಿಕ್ಕರೆ ಉಳಿದದ್ದನ್ನೆಲ್ಲ ನಾವೇ ಲೆಕ್ಕ ಹಾಕಿಕೊಳ್ಳಬಹುದು. ಹೊಂದದ ಸ್ಯಾಂಪಲ್‌ಗಳು ಎರಡೂ ಕಡೆ ಹತ್ತಿರಹತ್ತಿರ ಸಮನಾಗಿ ಹಂಚಿದ್ದರೆ ಒಂದು ಅರ್ಥ. 14 ಒಂದು ಕಡೆ, 1 ಇನ್ನೊಂದು ಕಡೆ ಇದ್ದರೆ ಒಂದು ಪರೀಕ್ಷೆ ಕೈಬಿಚ್ಚಿ ಪಾಸಿಟಿವ್ ಕೊಡುತ್ತಿದೆ ಅಥವಾ ಇನ್ನೊಂದು ಬಿಗಿ ಹಿಡಿದಿದೆ ಎಂದರ್ಥ. ನಾಲ್ಕು ಅಂಕಿ ಕೊಡಲು ಹಿಂಜರಿಯುವವರ ಕಿಟ್ಟನ್ನು ನಾನಂತೂ ಆರಿಸುವುದಿಲ್ಲ.

ಇನ್ನೊಂದು ಸಂಗತಿ: ತಾಳೆ ಬೇರೆ, ಸತ್ಯ ಬೇರೆ. ಎರಡು ಪರೀಕ್ಷೆಗಳು ಒಂದೇ ತಪ್ಪನ್ನು ಮಾಡಿದರೂ ತಾಳೆಯಾಗುತ್ತವೆ. ಝೀಕಾ ಬಂದ ರೋಗಿಯ ರಕ್ತದಲ್ಲಿ ಎರಡು ಕಂಪನಿಗಳ ಡೆಂಗಿ ಐಜಿಎಂ ಕಿಟ್‌ಗಳೂ ಪಾಸಿಟಿವ್ ತೋರಿಸಬಹುದು, ಏಕೆಂದರೆ ಎರಡೂ ವೈರಸ್‌ಗಳು ಒಂದೇ ಕುಟುಂಬದವು. ಕಪ್ಪಾ ಸೊಗಸಾಗಿ ಬರುತ್ತದೆ, ಉತ್ತರ ಮಾತ್ರ ತಪ್ಪು. ಇದೇ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರ ತನ್ನ ಮಾರ್ಗದರ್ಶನದಲ್ಲಿ, ಹೋಲಿಸಲು ನಂಬಲರ್ಹ ಮಾನದಂಡ ಇಲ್ಲದಿದ್ದಾಗ 'ಸೂಕ್ಷ್ಮತೆ' (ರೋಗ ಇರುವವರನ್ನು ಹಿಡಿಯುವ ಪ್ರಮಾಣ), 'ನಿರ್ದಿಷ್ಟತೆ' (ರೋಗ ಇಲ್ಲದವರನ್ನು ಇಲ್ಲವೆಂದೇ ಹೇಳುವ ಪ್ರಮಾಣ) ಎಂಬ ಪದಗಳನ್ನು ಬಳಸದೆ, ಪಾಸಿಟಿವ್‌ಗಳಲ್ಲಿ ಇಷ್ಟು ತಾಳೆ, ನೆಗೆಟಿವ್‌ಗಳಲ್ಲಿ ಇಷ್ಟು ತಾಳೆ ಎಂದಷ್ಟೇ ಹೇಳಬೇಕು ಎಂದಿತು.

ಕಾರ್ಡೋ ಎಲೈಸಾವೋ?

ಕಾರ್ಡಿನಲ್ಲಿ ಮೂರು ನಾಲ್ಕು ಹನಿ ಹಾಕಿ 15ರಿಂದ 20 ನಿಮಿಷ ಕಾಯುತ್ತೇವೆ. ಕಾರ್ಡ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ದಟ್ಟವಾಗಿ ಮೂಡಿರುತ್ತದೆ. ಟೆಸ್ಟ್ ಗೆರೆ ಕೆಲವೊಮ್ಮೆ ಇದೆಯೋ ಇಲ್ಲವೋ ಎಂಬಷ್ಟು ತೆಳು. ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿ ಹಿಡಿದರೆ ಕಾಣುತ್ತದೆ, ನೇರ ಹಿಡಿದರೆ ಕಾಣುವುದಿಲ್ಲ. ನಾನು ಇದೆ ಎಂದರೆ ಪಕ್ಕದವರು ಇಲ್ಲ ಎನ್ನುತ್ತಾರೆ. ಇಂಥ ಕಾರ್ಡನ್ನು ಮೇಜಿನ ಮೇಲೆ ಬಿಟ್ಟು ಊಟ ಮಾಡಿ ಬಂದು ನೋಡಿದರೆ ನೆಗೆಟಿವ್ ಇದ್ದದ್ದರಲ್ಲೂ ಗೆರೆ ಮೂಡಿರುವುದುಂಟು, ಏಕೆಂದರೆ ಪಟ್ಟಿ ಒಣಗಿದಂತೆ ಬಣ್ಣ ಹಿಂದಕ್ಕೆ ಹರಿಯುತ್ತದೆ. ಕಿಟ್ ಹೇಳಿದ ಸಮಯ ಮೀರಿ ಓದಿದ ಫಲಿತಾಂಶಕ್ಕೆ ಬೆಲೆಯಿಲ್ಲ. ಹೋಲಿಕೆಯ ಅಧ್ಯಯನದಲ್ಲಿ ಕಾರ್ಡನ್ನು ಇಬ್ಬರು ಪ್ರತ್ಯೇಕವಾಗಿ, ಇನ್ನೊಂದು ಪರೀಕ್ಷೆಯ ಉತ್ತರ ಗೊತ್ತಿಲ್ಲದೆ ಓದಿದ್ದಾರೆಯೇ ಎಂದು ನೋಡುವುದು ಇದಕ್ಕೇ. ಎಲೈಸಾದಲ್ಲಿ ಪಾಸಿಟಿವ್ ಎಂದು ಗೊತ್ತಿದ್ದರೆ ತೆಳು ಗೆರೆ ಕಣ್ಣಿಗೆ ದಟ್ಟವಾಗಿಯೇ ಕಾಣುತ್ತದೆ. ಮನುಷ್ಯ ಸಹಜ.

ಎಲೈಸಾದಲ್ಲಿ ಪ್ಲೇಟಿನ ಬಾವಿಗಳು (ಸ್ಯಾಂಪಲ್ ಹಾಕುವ ಪುಟ್ಟ ಗುಂಡಿಗಳು) ನೀಲಿಗೆ ತಿರುಗುತ್ತವೆ, ಆಮ್ಲ ಹಾಕಿ ನಿಲ್ಲಿಸಿದೊಡನೆ ಹಳದಿಯಾಗುತ್ತವೆ. ಬಣ್ಣವನ್ನು ಯಂತ್ರ ಓದಿ ಅಂಕಿ ಕೊಡುತ್ತದೆ, ಕಣ್ಣಿನ ಅನುಮಾನಕ್ಕೆ ಅವಕಾಶವಿಲ್ಲ. ಆದರೆ ಇಲ್ಲೂ ಗಡಿ ಇದೆ. ಅನೇಕ ಕಿಟ್‌ಗಳಲ್ಲಿ ಪಾಸಿಟಿವ್, ನೆಗೆಟಿವ್ ನಡುವೆ ಒಂದು ಅನಿಶ್ಚಿತ ವಲಯ ಇರುತ್ತದೆ. ಅದರ ಅಂಚಿನಲ್ಲಿರುವ ಸ್ಯಾಂಪಲ್ ಇವತ್ತು ಒಂದು ಕಡೆ, ನಾಳೆ ಮತ್ತೆ ಮಾಡಿದರೆ ಇನ್ನೊಂದು ಕಡೆ ಬೀಳಬಹುದು. ಹೊಂದದ ವರದಿಗಳಲ್ಲಿ ಹಲವು ಈ ಅಂಚಿನವೇ. ಅನಿಶ್ಚಿತ ಸ್ಯಾಂಪಲ್‌ಗಳನ್ನು ಲೆಕ್ಕದಿಂದ ಕೈಬಿಟ್ಟು ತಾಳೆ ಎಷ್ಟು ಎಂದು ಹೇಳಿದ ಅಧ್ಯಯನವಾದರೆ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಹಾಗೆಯೇ ಕಣ್ಣಿಗೆ ಹೊಡೆಯುವಂಥ ಪಾಸಿಟಿವ್‌ಗಳನ್ನೂ ಆರೋಗ್ಯವಂತರ ನೆಗೆಟಿವ್‌ಗಳನ್ನೂ ಮಾತ್ರ ಆಯ್ದು ಹೋಲಿಸಿದರೆ ಯಾವ ಕಿಟ್ ಬೇಕಾದರೂ ಗೆಲ್ಲುತ್ತದೆ. ಹೋಲಿಸಬೇಕಾದದ್ದು ಡೆಂಗಿ ಇರಬಹುದೆಂದು ಬಂದ ಎಲ್ಲ ಜ್ವರದವರನ್ನು, ಬಂದ ಸಾಲಿನಲ್ಲೇ.

ರಾತ್ರಿ ಹೊತ್ತು ಒಬ್ಬರೇ ರೋಗಿ ಬಂದಾಗ, ಯಂತ್ರವಿಲ್ಲದ ಕಡೆ, ಕಾರ್ಡ್ ಬೇಕೇ ಬೇಕು. ಹತ್ತಾರು ಸ್ಯಾಂಪಲ್ ಒಟ್ಟಿಗೆ ಇದ್ದು ಕೆಲವು ಗಂಟೆ ಕಾಯಬಹುದಾದರೆ ಎಲೈಸಾ. ಕಾರ್ಡ್ ಪಾಸಿಟಿವ್ ಬಂದು ಗೆರೆ ದಟ್ಟವಾಗಿದ್ದರೆ, ಜ್ವರದ ಲಕ್ಷಣವೂ ಹೊಂದಿದರೆ ನಂಬಬಹುದು. ಕಾರ್ಡ್ ನೆಗೆಟಿವ್ ಬಂತೆಂದು ಡೆಂಗಿ ಇಲ್ಲ ಎನ್ನುವಂತಿಲ್ಲ.

ಮೂರನೆಯದರ ಪಂಚಾಯಿತಿ

ಎರಡು ಪರೀಕ್ಷೆ ಹೊಂದದಿದ್ದಾಗ ಮೂರನೆಯದನ್ನು ಕರೆದು ತೀರ್ಪು ಕೇಳುವುದು ರೂಢಿ. ಒಬ್ಬ ರೋಗಿಯ ಮಟ್ಟಿಗೆ ಇದು ಸರಿಯೇ. ಅಧ್ಯಯನದಲ್ಲಿ ಮಾತ್ರ ಇದು ಮೋಸ ಮಾಡುತ್ತದೆ. ಹೊಂದದ 15ನ್ನು ಮಾತ್ರ ಮರುಪರೀಕ್ಷೆಗೆ ಹಾಕಿ, ಹೊಂದಿದ 85ನ್ನು ಮುಟ್ಟದೆ ಬಿಟ್ಟರೆ, ಎರಡೂ ಸೇರಿ ತಪ್ಪಿದ ಸ್ಯಾಂಪಲ್‌ಗಳು ಬೆಳಕಿಗೆ ಬರುವುದೇ ಇಲ್ಲ. ಹೊಸ ಕಿಟ್ಟಿನ ಅಂಕಿ ಮೇಲಕ್ಕೇ ಹೋಗುತ್ತದೆ. ಹೊಂದಿದವುಗಳಲ್ಲೂ ಒಂದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಮೂರನೆಯದಕ್ಕೆ ಹಾಕಿದ್ದಾರೆಯೇ ಎಂದು ನೋಡಿ.

ಆ ಮೂರನೆಯದು ಯಾವುದಾಗಿರಬೇಕು? ಮೊದಲ ವಾರದ ಸ್ಯಾಂಪಲ್ ಆದರೆ ಆರ್‌ಟಿ-ಪಿಸಿಆರ್. ಡೆಂಗಿ ವೈರಸ್ಸಿನ ನಾಲ್ಕು ಸೆರೊಟೈಪ್‌ಗಳಲ್ಲಿ (ಒಳಬಗೆಗಳಲ್ಲಿ) ಯಾವುದು ಎಂಬುದನ್ನೂ ಅದು ಹೇಳಬಲ್ಲದು, ಝೀಕಾದಿಂದ ಬೇರ್ಪಡಿಸಬಲ್ಲದು. ಆದರೆ ಆರ್‌ಎನ್‌ಎ ಬಹಳ ನಾಜೂಕು. ಬಿಸಿಲಲ್ಲಿ ಅರ್ಧ ದಿನ ತಿರುಗಿದ ಟ್ಯೂಬಿನಲ್ಲಿ ಪಿಸಿಆರ್ ನೆಗೆಟಿವ್, ಎನ್‌ಎಸ್1 ಪಾಸಿಟಿವ್ ಬಂದರೆ ನಾನು ಮೊದಲು ಅನುಮಾನಿಸುವುದು ಸಾಗಣೆಯನ್ನು. ಇನ್ನೊಂದು ಕಡೆ, ಲ್ಯಾಬಿನೊಳಗೆ ಹಿಂದಿನ ಪರೀಕ್ಷೆಯ ಡಿಎನ್‌ಎ ಕಣಗಳು ಹರಡಿದ್ದರೆ ಪಿಸಿಆರ್ ಸುಳ್ಳು ಪಾಸಿಟಿವ್ ಕೊಡುತ್ತದೆ. ಪ್ರತಿ ಸುತ್ತಿನಲ್ಲಿ ನೀರನ್ನು ಮಾತ್ರ ಹಾಕಿದ ಒಂದು ಟ್ಯೂಬ್ ಇಡುವುದು ಇದನ್ನು ಹಿಡಿಯಲೆಂದೇ.

ಪ್ರತಿಕಾಯಗಳ ವ್ಯಾಜ್ಯ ಆದರೆ ಪ್ಲಾಕ್ ನ್ಯೂಟ್ರಲೈಸೇಶನ್ ಪರೀಕ್ಷೆ. ರೋಗಿಯ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಜೀವಂತ ವೈರಸ್ಸನ್ನು ತಡೆಯಬಲ್ಲದೇ ಎಂದು ಜೀವಕೋಶಗಳ ಹಾಸಿನ ಮೇಲೆ ನೋಡುವ ವಿಧಾನ ಇದು. ಹಲವು ದಿನ ಹಿಡಿಯುತ್ತದೆ, ಕೆಲವೇ ಲ್ಯಾಬ್‌ಗಳಿಗೆ ಸಾಧ್ಯ. ಎರಡನೇ ಸಲದ ಸೋಂಕಿನಲ್ಲಿ ಇದೂ ಕೆಲವೊಮ್ಮೆ ಖಚಿತ ಉತ್ತರ ಕೊಡದು.

ಹಾಗಾದರೆ ಯಾವುದನ್ನು ಆರಿಸುವುದು?

ಮೊದಲ ಮೂರು ದಿನ: ಎನ್‌ಎಸ್1 ಅಥವಾ ಪಿಸಿಆರ್. ಐಜಿಎಂ ಒಂದನ್ನೇ ಬರೆದುಕೊಟ್ಟರೆ ಬರುವ ನೆಗೆಟಿವ್‌ಗೆ ಅರ್ಥವಿಲ್ಲ.

ನಾಲ್ಕರಿಂದ ಏಳನೇ ದಿನ: ಎನ್‌ಎಸ್1 ಮತ್ತು ಐಜಿಎಂ ಎರಡೂ. ಜೊತೆಯಾಗಿ ಮಾಡಿದಾಗ ಅತಿ ಹೆಚ್ಚು ಲಾಭವಿರುವ ದಿನಗಳು ಇವು. ರೋಗಿಗೂ ಇವು ಅಪಾಯದ ದಿನಗಳು. ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರಲು ಶುರುವಾಗಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ವರದಿ ಏನೇ ಹೇಳಲಿ, ತಕ್ಷಣ ಆಸ್ಪತ್ರೆಗೆ ಹೋಗಿ. ಎನ್‌ಎಸ್1 ನೆಗೆಟಿವ್ ಬಂತೆಂದು ಮನೆಯಲ್ಲೇ ಉಳಿಯಬೇಡಿ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಮತ್ತು ಪ್ಲೇಟ್‌ಲೆಟ್ ಎಣಿಕೆ ಚಿಕಿತ್ಸೆಯನ್ನು ನಡೆಸುತ್ತವೆಯೇ ಹೊರತು ಐಜಿಎಂ ಅಲ್ಲ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳಿಂದ ದೂರವಿರಿ.

ಏಳು ದಿನ ಕಳೆದ ಮೇಲೆ: ಐಜಿಎಂ. ಆದರೆ ಒಂದೇ ಸ್ಯಾಂಪಲ್ಲಿನ ಐಜಿಎಂ ಪಾಸಿಟಿವ್ 'ಡೆಂಗಿ ಇರುವ ಸಂಭವ ಹೆಚ್ಚು' ಎಂದಷ್ಟೇ ಹೇಳುತ್ತದೆ. ಎರಡು ತಿಂಗಳ ಹಿಂದಿನ ಡೆಂಗಿಯ ಐಜಿಎಂ ಇನ್ನೂ ಉಳಿದಿದ್ದು, ಈಗಿನ ಜ್ವರ ಬೇರೆಯದೇ ಆಗಿರಬಹುದು. ಐಜಿಜಿ ಒಂದೇ ಪಾಸಿಟಿವ್ ಇದ್ದರೆ ಸಾಮಾನ್ಯವಾಗಿ ಹಿಂದೆ ಎಂದೋ ಬಂದು ಹೋದದ್ದು ಎಂದರ್ಥ. ಅದೊಂದನ್ನೇ ನೋಡಿ ಹೆದರಬೇಡಿ. ಹಳದಿ ಜ್ವರ ಅಥವಾ ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ ಹಾಕಿಸಿಕೊಂಡಿದ್ದರೆ ವೈದ್ಯರಿಗೆ ಹೇಳಿ, ಪ್ರತಿಕಾಯದ ಪರೀಕ್ಷೆ ದಾರಿ ತಪ್ಪಬಹುದು.

ಮೂರೂ ಸಂದರ್ಭದಲ್ಲಿ ಲ್ಯಾಬಿನವರಿಗೆ ಬೇಕಾದ ಒಂದು ಮಾಹಿತಿ ರೋಗಿಯ ಬಾಯಲ್ಲೇ ಇದೆ: ಜ್ವರ ಶುರುವಾದ ತಾರೀಕು. ಪರೀಕ್ಷೆಯ ಚೀಟಿಯಲ್ಲಿ ಆ ಜಾಗ ಖಾಲಿ ಇರುವುದೇ ಹೆಚ್ಚು. ದಯವಿಟ್ಟು ಬರೆಯಿಸಿ. "ಮೂರು ದಿನದಿಂದ" ಎನ್ನುವುದಕ್ಕಿಂತ ತಾರೀಕೇ ಇರಲಿ, ಏಕೆಂದರೆ ಚೀಟಿ ಬರೆದ ದಿನ ಒಂದು, ರಕ್ತ ತೆಗೆದ ದಿನ ಇನ್ನೊಂದು ಆಗಿರುತ್ತದೆ.

ಖಚಿತ ಉತ್ತರ ಬೇಕೇ ಬೇಕು ಎಂದಾದಾಗ, ಉದಾಹರಣೆಗೆ ಒಂದು ಪ್ರದೇಶದಲ್ಲಿ ಹರಡುತ್ತಿರುವುದು ಡೆಂಗಿಯೋ ಅಲ್ಲವೋ ಎಂದು ತೀರ್ಮಾನಿಸುವಾಗ, ಜೋಡಿ ಸ್ಯಾಂಪಲ್‌ಗೆ ಸಮನಾದದ್ದು ಕಡಿಮೆ. ಜ್ವರದ ಆರಂಭದಲ್ಲಿ ಒಂದು, ಎರಡು ವಾರದ ಸುಮಾರಿಗೆ ಇನ್ನೊಂದು. ಮೊದಲಿನದರಲ್ಲಿ ಇಲ್ಲದ ಐಜಿಎಂ ಎರಡನೆಯದರಲ್ಲಿ ಬಂದರೆ ಅಥವಾ ಐಜಿಜಿ ಪ್ರಮಾಣ ನಾಲ್ಕು ಪಟ್ಟು ಏರಿದರೆ ದೃಢಪಟ್ಟಂತೆ. ಮೊದಲ ಟ್ಯೂಬಿನ ಸೀರಂ ಬೇರ್ಪಡಿಸಿ ಫ್ರೀಜರಿನಲ್ಲಿಟ್ಟಿರಬೇಕು. ಎರಡನೆಯದು ಬಂದ ದಿನ ಎರಡನ್ನೂ ಒಂದೇ ಪ್ಲೇಟಿನಲ್ಲಿ, ಅಕ್ಕಪಕ್ಕದ ಬಾವಿಗಳಲ್ಲಿ ಹಾಕಬೇಕು. ಪ್ಲೇಟಿನಿಂದ ಪ್ಲೇಟಿಗೆ ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಬೇರೆ ಬೇರೆ ದಿನ ಮಾಡಿದರೆ ಏರಿದ್ದು ರೋಗಿಯ ಪ್ರತಿಕಾಯವೋ ನಮ್ಮ ಪ್ಲೇಟಿನ ಬಣ್ಣವೋ ತಿಳಿಯುವುದಿಲ್ಲ.